ಅವಳ ಹೆಸರಿನ ಜಿಂಕೆ

"ಈಗ ಇದನ್ನ ಎಲ್ಲಿ ಇಡಬೇಕು?"

ನೀಲಾಂಬಿಕಾ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಗಂಡ ವಿವೇಕ ಮೇಲೆ ಸ್ನಾನಕ್ಕೆ ಹೋಗಿದ್ದ. ಶನಿವಾರವಾದ್ದರಿಂದ ಮಗಳು ಅನಿಕಾ ಇನ್ನೂ ಎದ್ದಿರಲಿಲ್ಲ. ಪಕ್ಕದ ಮನೆಯ ವಾಲ್ಟ್ ರಟ್ಟಿನ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಟ್ಟು, ಬೂಟನ್ನು ಬಾಗಿಲಲ್ಲೇ ಬಿಚ್ಚಿದ್ದರಿಂದ ಬರೀ ಕಾಲುಚೀಲದಲ್ಲಿ ಬಂದವನು ಹಾಗೆಯೇ ಸದ್ದಿಲ್ಲದೆ ಹಿಂದಿರುಗಿ ಐದು ನಿಮಿಷವಾಗಿತ್ತು. ಪೆಟ್ಟಿಗೆಯೊಳಗೆ ಬಿಳಿಯ ದಪ್ಪ ಕಾಗದದಲ್ಲಿ ಸುತ್ತಿದ ಇಪ್ಪತ್ತೆರಡು ಪೊಟ್ಟಣಗಳು. ಒಂದೊಂದರ ಮೇಲೂ ಕೆಂಪು ಮೊಹರು: ಜಿಂಕೆ, ಖೀಮಾ, ಒಂದು ಪೌಂಡ್. ಮೊಹರಿನ ಕೆಳಗೆ ಕಪ್ಪು ಮಾರ್ಕರಿನಲ್ಲಿ ಅವಳ ಹೆಸರು, ಮಾಂಸ ಕಡಿಯುವ ಅಂಗಡಿಯವನ ಕೈಗೆ ಬಂದಷ್ಟು ಅಕ್ಷರಗಳಲ್ಲಿ. ಇಪ್ಪತ್ತೆರಡು ಸಲ. ಫ್ರೀಜರಿನಲ್ಲಿ ಹೋಳಿಗೆಯ ಹೂರಣದ ಡಬ್ಬಿಯಿತ್ತು, ತೆಂಗಿನ ತುರಿಯಿತ್ತು. ಅವುಗಳ ಮೈಗೆ ಇವು ತಾಗುವಂತಿಲ್ಲ. ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಇಡೋಣವೆಂದರೆ ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿಯಿದೆ ನಿಜ, ಆದರೆ ರಕೂನುಗಳು ಬಂದು ಕಾಗದ ಹರಿದರೆ ಇಡೀ ಬಡಾವಣೆಯಲ್ಲಿ ಅವಳ ಹೆಸರು ಹಾರಾಡುತ್ತದೆ. ಕೌಂಟರಿನ ಮೇಲೆಯೇ ಬಿಟ್ಟರೆ ಕರಗುತ್ತದೆ. ಕರಗಿದರೆ ಒಸರುತ್ತದೆ. ಅವಳು ಪೆಟ್ಟಿಗೆಯ ಕೆಳಗೆ ಹಳೆಯ ಟವೆಲ್ ಹಾಸಬೇಕೆಂದು ಎತ್ತಲು ಹೋಗಿ, ಎತ್ತಲಾರದೆ, ಟವೆಲನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ತಾನು ವಾಲ್ಟ್‌ಗೆ ಎರಡು ಸಲ ಥ್ಯಾಂಕ್ಯೂ ಹೇಳಿದ್ದು. ಜಿಂಕೆಯ ಮಾಂಸದಲ್ಲಿ ಕೊಬ್ಬೇ ಇರುವುದಿಲ್ಲ, ಬಾಣಲೆಗೆ ಬಿದ್ದ ತಕ್ಷಣ ಒಣಗಿಹೋಗುತ್ತದೆ, ಅದಕ್ಕೇ ಎಲ್ಲರೂ ಬೇರೆ ಕೊಬ್ಬು ಸೇರಿಸಿ ಅರೆಸುತ್ತಾರೆ, ಆದರೆ ನಿಮ್ಮದಕ್ಕೆ ದನದ್ದು ಸೇರಿಸಲೇಬಾರದೆಂದು ಅಂಗಡಿಯವನಿಗೆ ನಾನೇ ನಿಂತು ಹೇಳಿದೆ ಎಂದ ಆ ಮುದುಕನ ಮುಖದಲ್ಲಿ ಒಬ್ಬರ ಧರ್ಮವನ್ನು ಕಾಪಾಡಿದವನ ಹೆಮ್ಮೆಯಿತ್ತು. ಕಾರು ತಾಗಿದ ಭುಜದ ಕಡೆ ಮಾಂಸ ಕಂದಿಹೋಗಿತ್ತಂತೆ, ಅದನ್ನು ತೆಗೆದು ಉಳಿದದ್ದನ್ನೆಲ್ಲ ಅರೆಸಿದ್ದನಂತೆ. ನಾನೊಂದು ಚೂರೂ ಇಟ್ಟುಕೊಂಡಿಲ್ಲ, ಕಾಗದ ನಿನ್ನ ಹೆಸರಿನಲ್ಲಿದೆ, ಜಿಂಕೆ ನಿನ್ನದು ಎಂದಾಗ ಅವಳು ಮತ್ತೆ ಥ್ಯಾಂಕ್ಯೂ ಅಂದಿದ್ದಳು. ಅವನ ಹೆಂಡತಿ ಚೀಟಿಯೊಂದನ್ನು ಬರೆದು ಪೆಟ್ಟಿಗೆಗೆ ಅಂಟಿಸಿದ್ದಳು. ಇದರಿಂದ ಏನು ಬೇಕಾದರೂ ಆಗುತ್ತದೆ, ಚಿಲ್ಲಿಯೆಂಬ ಗಟ್ಟಿ ಸಾರು, ಟ್ಯಾಕೊ, ಪಾಸ್ತಾದ ಮೇಲಿನ ಸಾಸು, ಉಂಡೆ, ದೊಣ್ಣೆಮೆಣಸಿನಕಾಯಿಯ ಹೂರಣ. ಮಕ್ಕಳಿಗೆ ಗೊತ್ತೇ ಆಗುವುದಿಲ್ಲ ಎಂದು ಕೊನೆಯಲ್ಲಿ ನಗುವ ಮುಖ ಬರೆದಿದ್ದಳು.

ಹನ್ನೊಂದು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿದ್ದಾಗ, ಅನಿಕಾಳನ್ನು ಶಾಲೆಯ ಆರ್ಕೆಸ್ಟ್ರಾ ಅಭ್ಯಾಸಕ್ಕೆ ಬಿಟ್ಟು ಅವಳು ವಿಕ್ಸಮ್ ಊರಿನ ತಮ್ಮ ಮನೆಗೆ ಹಿಂದಿರುಗುತ್ತಿದ್ದಳು. ಬೆಕ್ ರೋಡಿನಲ್ಲಿ ಆಗಷ್ಟೇ ಬೂದುಬಣ್ಣದ ಬೆಳಕು. ಜಿಂಕೆ ಹಾರಿ ಬಂತು ಎಂದು ಅವಳು ಪೊಲೀಸಿನವನಿಗೆ ಹೇಳಿದ್ದಳು; ವಿವೇಕನಿಗೆ ಹೇಳಿದ್ದಳು; ಇನ್ಶೂರೆನ್ಸ್ ಕಂಪನಿಯ ಹೆಣ್ಣುಮಗಳಿಗೂ ಹೇಳಿದ್ದಳು. ಆ ಹೆಣ್ಣುಮಗಳು, ಪಾಪ, ಇಂಥದ್ದರಲ್ಲಿ ಯಾರ ತಪ್ಪೂ ಇರುವುದಿಲ್ಲ ಎಂದು ಸಮಾಧಾನ ಮಾಡಿದ್ದಳು. ಜಿಂಕೆ ಹಾರಿರಲಿಲ್ಲ. ನಿಂತಿತ್ತು. ರಸ್ತೆಯ ಬಿಳಿ ಗೆರೆಯ ಮೇಲೆ ಮುಂಗಾಲೊಂದನ್ನು ಊರಿ, ಏನೋ ನೆನಪು ಮಾಡಿಕೊಳ್ಳುವವರಂತೆ ಕಿವಿ ತಿರುಗಿಸಿಕೊಂಡು ನಿಂತಿತ್ತು, ಮತ್ತು ಅವಳು ಅದನ್ನು ದೂರದಿಂದಲೇ ನೋಡಿದ್ದಳು. ಆಗ ಅವಳ ಬಾಯಲ್ಲಿ ವಚನವಿತ್ತು. ಅಂಕಿತಕ್ಕೆ ಇನ್ನು ಮೂರು ಪದ.

ಅವಳು ಬೆಳೆದ ಮುದ್ದೇಬಿಹಾಳದಲ್ಲಿ ದಾನಪ್ಪಜ್ಜನದು ಹಿಟ್ಟಿನ ಗಿರಣಿ. ಬೆಳಿಗ್ಗೆ ಆರಕ್ಕೆ ಯಂತ್ರದ ಪಟ್ಟಿ ತಿರುಗಲು ಶುರುವಾದರೆ ಎದುರು ನಿಂತವರ ಮಾತು ಕೇಳಿಸುತ್ತಿರಲಿಲ್ಲ, ಆದರೆ ಜೋಳದ ಚೀಲಗಳ ಮೇಲೆ ಸಾಲಾಗಿ ಕೂತು ವಚನ ಹೇಳುವ ಮೊಮ್ಮಕ್ಕಳಲ್ಲಿ ಯಾರು ಎಲ್ಲಿ ನಿಲ್ಲಿಸಿದರೆಂಬುದು ಆ ಗದ್ದಲದಲ್ಲೂ ಅಜ್ಜನಿಗೆ ಕೇಳಿಸುತ್ತಿತ್ತು. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. ನಡುವೆ ನಿಲ್ಲಿಸುವಂತಿಲ್ಲ, ಅಷ್ಟೆ. ಕೆಮ್ಮು ಬರಲಿ, ಇರುವೆ ಕಚ್ಚಲಿ, ದೇವರ ಹೆಸರಿನ ಅಂಕಿತಕ್ಕೆ ಮುಟ್ಟುವ ತನಕ ಬಾಯಿ ಮುಚ್ಚಬಾರದು. ಮುಚ್ಚಿದರೆ ಮಾತು ಅನಾಥವಾಗಿ ಗಾಳಿಯಲ್ಲಿ ಉಳಿಯುತ್ತದೆ ಎನ್ನುತ್ತಿದ್ದ ಅಜ್ಜ, ಬಿಸಿ ಹಿಟ್ಟಿನಲ್ಲಿ ಬಿಳಿಯಾದ ರೆಪ್ಪೆಗಳನ್ನು ಒರೆಸಿಕೊಳ್ಳುತ್ತ. ಒಮ್ಮೆ ಅವಳ ತಮ್ಮ ಹೃಷೀಕೇಶ ಚೀಲದ ಮೇಲಿಂದ ಜಾರಿ ಬಿದ್ದ. ಅವನ ಹಣೆಯಿಂದ ರಕ್ತ ಬರುವುದನ್ನು ನೋಡುತ್ತಲೇ ಅವಳು ಅಂಕಿತದವರೆಗೆ ಹೇಳಿ ಮುಗಿಸಿ ಆಮೇಲೆ ಕೂಗಿಕೊಂಡಿದ್ದಳು. ಅಂದು ಅಜ್ಜ ಅವಳಿಗೊಂದು ಬೆಲ್ಲದ ಹೆಂಟೆ ಕೊಟ್ಟಿದ್ದ. ಬೆಕ್ ರೋಡಿನಲ್ಲಿ ಕಾಲು ಬ್ರೇಕಿನ ಮೇಲೆ ಹೋಗಬೇಕಿತ್ತು. ಬಾಯಿ ಅದಕ್ಕಿಂತ ಮೊದಲು ಹೊರಟಿತ್ತು. ಮೊದಲನೆಯ ಪದಕ್ಕೆ ಜಿಂಕೆ ತಲೆಯೆತ್ತಿತು. ಎರಡನೆಯದಕ್ಕೆ ಅದರ ಕಣ್ಣಿನಲ್ಲಿ ಕಾರಿನ ದೀಪ ಕಂಡಿತು. ಅಂಕಿತವೂ ಆ ಸದ್ದೂ ಒಟ್ಟಿಗೇ ಬಿದ್ದವು.

ಆ ದಿನದಿಂದ ಅವಳಿಗೆ ಒಂದು ವಚನವನ್ನೂ ಮುಗಿಸಲಾಗಿಲ್ಲ. ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತರೆ ಮೊದಲ ಸಾಲು ಬರುತ್ತದೆ, ಎರಡನೆಯದೂ ಬರುತ್ತದೆ, ಅಂಕಿತ ಹತ್ತಿರವಾದಂತೆ ಗಂಟಲು ಮುಚ್ಚಿಕೊಳ್ಳುತ್ತದೆ. ಅರ್ಧಕ್ಕೆ ನಿಂತ ಹನ್ನೊಂದು ವಚನಗಳು ಮನೆಯೊಳಗೆ ಎಲ್ಲೆಲ್ಲೋ ಓಡಾಡಿಕೊಂಡಿವೆ ಎಂದು ಅವಳಿಗೆ ಅನ್ನಿಸುತ್ತಿತ್ತು. ವಚನ ಹೇಳಲು ವಾರವಾರ ಸೇರುವ ಸಂಘದ ಶಿವಲಿಂಗಮ್ಮ ಆಂಟಿ, ನಾಳೆ ಭಾನುವಾರದ ಪ್ರಾರ್ಥನೆಗೆ ನೀನೇ ಮೊದಲು ಹೇಳಿಕೊಡಬೇಕು ಎಂದು ಮೆಸೇಜ್ ಹಾಕಿದ್ದರು. ಹೋದ ವಾರ ಗಂಟಲು ನೋವೆಂದಿದ್ದಳು. ಈ ವಾರಕ್ಕೆ ಏನು ಹೇಳುವುದು?

"ಅಯ್ಯ, ಪೂರಾ ತಂದಾನಲ್ಲ!" ವಿವೇಕ ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದವನು ಪೆಟ್ಟಿಗೆಯಲ್ಲಿ ಇಣುಕಿದ.

"ಅವರೇ ಇಟ್ಕೋತಾರ ಅಂದಿದ್ರಿ ನೀವು."

"ಇಟ್ಕೋತಾನ ಅಂತ ತಿಳಕೊಂಡಿದ್ದೆ. ಪರ್ಮಿಟ್ ನಿನ್ನ ಹೆಸರಿಲೆ ಐತಲ್ಲ. ಆ ಮುದುಕ ರೂಲ್ ಮುರಿಯೋ ಪೈಕಿ ಅಲ್ಲ ನೋಡು. ನಮ್ಮ ಮಂದಿ ಆಗಿದ್ರ ಅರ್ಧಾ ಹಾದ್ಯಾಗ ಖಾಲಿ ಆಗ್ತಿತ್ತು." ಅವಳ ಮುಖ ನೋಡಿ ನಗಿಸಲೆಂದು ಸೇರಿಸಿದ: "ನಾಳೆ ಸಂಘಕ್ಕ ಒಯ್ದು ಹೂರಣ ಅಂತ ಹಂಚಿಬಿಡೋಣೇನು?"

"ಥೂ, ಮುಂಜಾನೆದ್ದು ಏನ್ ಮಾತಾಡ್ತೀರಿ."

"ಮತ್ತ? ನೀನ ಬೇಕು ಅಂದಾಕಿ."

ಹೌದು, ಬೇಕು ಅಂದವಳು ಅವಳೇ. ಜಿಂಕೆಯ ಮೂಗಿನಿಂದ ಬರುತ್ತಿದ್ದ ಬಿಳಿ ಹಬೆ ನಿಂತುಹೋದ ಮೇಲೆ ಬಂದ ಪೊಲೀಸಿನವನು, ಇಂಥ ಜಿಂಕೆಯನ್ನು ಇಟ್ಟುಕೊಳ್ಳುವ ಮೊದಲ ಹಕ್ಕು ಕಾರಿನವರದು, ನಿಮಗೆ ಬೇಡವೆಂದರೆ ಬೇರೆ ಯಾರಾದರೂ ಒಯ್ಯುತ್ತಾರೆ ಎಂದು ವಿವರಿಸಿದ್ದ. ಬೇಕು, ನನಗೇ ಬೇಕು ಎಂದು ಅವಳು ಗಟ್ಟಿಯಾಗಿ ಹೇಳಿ ಸಹಿ ಹಾಕಿದ್ದಳು. ಅವನು ಮೆಚ್ಚುಗೆಯಿಂದ ತಲೆಯಾಡಿಸಿ, ಮಾಂಸ ಒಳ್ಳೆಯದಿರುತ್ತದೆ ಎಂದಿದ್ದ. ಮಾಂಸವೆಂಬುದು ಆ ಕ್ಷಣದಲ್ಲಿ ಅವಳ ತಲೆಯಲ್ಲೇ ಇರಲಿಲ್ಲ. ಅವಳ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮಣ್ಣಿಗೆ ಒಪ್ಪಿಸುತ್ತಾರೆ. ಇದನ್ನು ಮನೆಯ ಹಿಂದಿನ ಮೇಪಲ್ ಮರದ ಕೆಳಗೆ ಹೂಳಬೇಕೆಂದು, ಗುಂಡಿ ಎಷ್ಟು ಆಳ ಬೇಕಾದೀತೆಂದು ಅವಳು ಲೆಕ್ಕ ಹಾಕುತ್ತಿದ್ದಳು. ಓಡಿ ಬಂದ ವಿವೇಕ ಅದನ್ನು ಕೇಳಿ ಮೊದಲು ನಕ್ಕು, ಆಮೇಲೆ ದನಿ ತಗ್ಗಿಸಿ, ಹೂಳಾಕ ನಮ್ಮ ಹಿತ್ತಲದಾಗ ಜಾಗಾ ಎಲ್ಲೈತಿ, ಎರಡು ಫೂಟಿಗೆ ಗ್ಯಾಸಿನ ಪೈಪು ಹತ್ತತದ, ಅಸೋಸಿಯೇಷನ್‌ನವರು ಬಿಡ್ತಾರೇನು ಎಂದು, ಬೇಟೆಯಾಡುವ ವಾಲ್ಟ್‌ನನ್ನು ಫೋನ್ ಮಾಡಿ ಕರೆಸಿದ್ದ. ಇಬ್ಬರೂ ಅದನ್ನು ಪಿಕಪ್ಪಿನ ಹಿಂದೆ ಎಸೆದಾಗ ಅವಳು ಬೇಡವೆನ್ನಬಹುದಿತ್ತು. ಚಳಿಯೆಂದು ಕಾರಿನೊಳಗೆ ಹೋಗಿ ಕೂತಿದ್ದಳು.

"ಅಮ್ಮಾ, ಇಸ್ ದಿಸ್ ಅವರ್ ಡಿಯರ್?"

ಅನಿಕಾ ಮೆಟ್ಟಿಲ ಕೊನೆಯಲ್ಲಿ ನಿಂತಿದ್ದಳು. ಹದಿನಾರು ವರ್ಷ, ದೂರದ ಓಟದಲ್ಲಿ ಶಾಲೆಯ ತಂಡಕ್ಕೆ ಓಡುತ್ತಿದ್ದವಳು. ಸೆಪ್ಟೆಂಬರಿನಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದ ಮೇಲೆ ತಂಡದಿಂದ ಹೊರಗಿಟ್ಟಿದ್ದರು. ರಕ್ತದಲ್ಲಿ ಕಬ್ಬಿಣ ತೀರ ಕಡಿಮೆ. ಗುಳಿಗೆ ತೆಗೆದುಕೊಂಡರೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ. ಮಾಂಸ ಕೊಡಬಹುದೇ ಎಂದು ಡಾಕ್ಟರು ಕೇಳಿದಾಗ ನೀಲಾಂಬಿಕಾ ಮಗಳ ಪರವಾಗಿ ಇಲ್ಲ ಎಂದು ತಾನೇ ಉತ್ತರಿಸಿದ್ದಳು, ಮತ್ತು ಅನಿಕಾ ಪರೀಕ್ಷೆಯ ಮೇಜಿನ ಮೇಲೆ ಕೂತು ತನ್ನ ಬೂಟಿನ ಲೇಸನ್ನು ನೋಡುತ್ತಿದ್ದಳು. ಅಂದಿನಿಂದ ಪಾಲಕ, ಖರ್ಜೂರ, ರಾಗಿ, ಹುರುಳಿ. ತಟ್ಟೆಯಲ್ಲಿ ಉಳಿದ ಹುರುಳಿಯನ್ನು ನೋಡಿದಾಗಲೆಲ್ಲ ನೀಲಾಂಬಿಕಾಳಿಗೆ ಆ ಲೇಸು ಕಾಣುತ್ತಿತ್ತು.

ಅನಿಕಾ ಚೀಟಿಯನ್ನು ಓದಿದಳು. ಫೋನಿನಲ್ಲಿ ಏನನ್ನೋ ಹುಡುಕಿದಳು. ಮನೆಯಲ್ಲಿ ಯಾರು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವವಳು ಹಟ ಹಿಡಿದಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು, ಅದೂ ಅಪ್ಪನ ಕನ್ನಡಕ್ಕೆ.

"ನಾ ಇದನ್ನ ಮಾಡ್ತೀನಿ. ಒಂದು ಪೌಂಡ್ ಇವತ್ತ."

"ಅವ್ವಿ, ಹಂಗೆಲ್ಲಾ ಅನಬಾರದು," ಎಂದಳು ನೀಲಾಂಬಿಕಾ ಮಗಳಿಗೆ.

"ಬಿಸಾಕ್ತಿ ಏನ್ ಮತ್ತ? ಯು ಕಿಲ್ಡ್ ಇಟ್ ಅಮ್ಮಾ, ಆಂಡ್ ದೆನ್ ದ ಟ್ರ್ಯಾಶ್? ಅದು ಇನ್ನೂ ಕೆಟ್ಟದ್ದು."

ಕೊಂದವಳು ನೀನು ಎಂದು ಹನ್ನೊಂದು ದಿನದಲ್ಲಿ ಯಾರೂ ಅಂದಿರಲಿಲ್ಲ. ಬೈಗುಳದಂತೆ ಅಲ್ಲ, ಹೊರಗೆ ಚಳಿಯಿದೆ ಎಂಬಂತೆ ಅಂದಿದ್ದಳು ಹುಡುಗಿ. ನೀಲಾಂಬಿಕಾ ಕೈಯಲ್ಲಿದ್ದ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ವಿವೇಕ ಇಬ್ಬರನ್ನೂ ನೋಡಿ, ಆಫೀಸಿನಲ್ಲಿ ಎರಡು ಟೀಮುಗಳ ಜಗಳ ಬಿಡಿಸುವ ದನಿಯಲ್ಲಿ, ಹಿಂಗ ಮಾಡೋಣು, ಗ್ಯಾರೇಜಿನಾಗ ಕ್ಯಾಂಪಿಂಗ್ ಒಲಿ ಐತಿ, ಹಳೇ ಬಾಣಲಿ ಐತಿ, ಬಾಗಿಲಾ ತಗದು ಅಲ್ಲೇ ಮಾಡಲಿ, ನಿನ್ನ ಒಲಿಗೆ ಏನೂ ಹತ್ತೂದಿಲ್ಲ ಎಂದ. ಯಾರೂ ಒಪ್ಪಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಹಾಗೆ ಅದು ತೀರ್ಮಾನವಾಯಿತು. ವಿವೇಕ ಉಳಿದ ಇಪ್ಪತ್ತೊಂದನ್ನು ಕ್ಯಾಂಪಿನ ಐಸ್ ಪೆಟ್ಟಿಗೆಗೆ ತುಂಬಿಸಿದ. ಅಡುಗೆಮನೆ ಒಮ್ಮೆಲೇ ಖಾಲಿಯಾಯಿತು. ಅವಳು ಕೌಂಟರನ್ನು ಸಾಬೂನು ಹಾಕಿ ಮೂರು ಸಲ ಒರೆಸಿದಳು. ನಾಲ್ಕನೆಯ ಸಲ ಒರೆಸಲು ಹೋದಾಗ, ಒರೆಸುವುದು ಯಾರ ಮೈಲಿಗೆಯನ್ನು, ಪೆಟ್ಟಿಗೆಯದೋ ತನ್ನದೋ ಎಂಬ ಪ್ರಶ್ನೆ ಎದ್ದು ಕೈ ನಿಂತಿತು.

ಗ್ಯಾರೇಜಿಗೆ ಹೋಗುವ ಬಾಗಿಲನ್ನು ಮುಚ್ಚಿಕೊಂಡು ಒಳಗೇ ಇರಬೇಕೆಂದುಕೊಂಡಿದ್ದಳು. ಆದರೆ ಈರುಳ್ಳಿ ಬೇಯುವ ಮೊದಲೇ ಸೀಯುತ್ತಿರುವ ವಾಸನೆ ಬಾಗಿಲ ಸಂದಿಯಿಂದ ಬಂತು. ಉರಿ ಜೋರಾಗಿ ಇಟ್ಟಿದ್ದಾಳೆ ಹುಡುಗಿ. ತನ್ನ ಮನೆಯಲ್ಲಿ ಬೆಳೆದವಳು ಈರುಳ್ಳಿಯನ್ನು ಹೀಗೆ ಕೆಡಿಸುವುದೇ? ಬಾಗಿಲು ತೆರೆದು ಹೊಸ್ತಿಲ ಈಚೆಗೇ ನಿಂತಳು. ದೊಡ್ಡ ಬಾಗಿಲು ಮೇಲೆತ್ತಿತ್ತು. ಹೊರಗಿನ ಬಿಳಿಚಿದ ಬಿಸಿಲಿನಲ್ಲಿ ಅನಿಕಾ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಒಲೆಯ ಮುಂದೆ ಬಾಗಿದ್ದಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ವಿವೇಕ ಅಡುಗೆಯ ಥರ್ಮಾಮೀಟರನ್ನು ಹಿಡಿದಿದ್ದ. ಕಾರಿನ ಮುಂಭಾಗ ಇನ್ನೂ ಹಾಗೆಯೇ ಒಳಗೆ ಬಾಗಿತ್ತು. ರಿಪೇರಿಯವರು ಡಿಸೆಂಬರಿಗೆ ದಿನ ಕೊಟ್ಟಿದ್ದರು.

"ಉರಿ ಸಣ್ಣ ಮಾಡು," ಅಂದಳು. "ಉಳ್ಳಾಗಡ್ಡಿ ಕೆಂಪಗಾಗಬೇಕು, ಕರ್‍ರಗಲ್ಲ."

ಅನಿಕಾ ತಿರುಗಿ ನೋಡದೆ ಉರಿ ತಗ್ಗಿಸಿದಳು. ಕಾಗದ ಬಿಚ್ಚಿ ಖೀಮಾವನ್ನು ಬಾಣಲೆಗೆ ಹಾಕಿದಳು. ನೀಲಾಂಬಿಕಾ ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡಳು, ಮುಚ್ಚಲಿಲ್ಲ. ಕೆಂಪಗಿತ್ತು, ಅವಳು ಊಹಿಸಿದ್ದಕ್ಕಿಂತ ಕಡುಗೆಂಪು, ಮತ್ತು ನುಣ್ಣಗೆ ಅರೆದಿತ್ತು. ಕಿವಿ ತಿರುಗಿಸಿಕೊಂಡು ನಿಂತ ಪ್ರಾಣಿ ಇದರೊಳಗೆ ಎಲ್ಲಿಯೂ ಇರಲಿಲ್ಲ. ಗಿರಣಿಯ ಬಾಯಿಂದ ಬೀಳುವ ಹಿಟ್ಟನ್ನು ಕೈಯೊಡ್ಡಿ ಹಿಡಿದು ಅಜ್ಜ ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದುದು, ಇದು ಯಾರ ಹೊಲದ್ದು ಎಂದು ಹೇಳುತ್ತಿದ್ದುದು ಯಾಕೋ ಎದುರಿಗೆ ಬಂತು.

"ಒಣಾ ಆಗಾಕತ್ತೇದ," ಎಂದ ವಿವೇಕ. "ನೂರಾ ಅರವತ್ತು ಆಗಬೇಕಂತ. ಈಗ ನೂರಾ ಹತ್ತು."

"ಎಣ್ಣಿ ಬಿಡು. ಇನ್ನೊಂದು ಚಮಚ. ಅದಕ್ಕ ತನ್ನ ಜಿಡ್ಡಿಲ್ಲ," ಎಂದಳು ನೀಲಾಂಬಿಕಾ. ವಾಲ್ಟ್‌ನ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ನಾಚಿಕೆಯಾಯಿತು. ಆದರೂ ನಿಲ್ಲಲಿಲ್ಲ. "ಅರಿಷಿಣ ಹಾಕಿದಿ? ಬದನಿಕಾಯಿ ಎಣಗಾಯಿಗೆ ನಾ ಹಾಕ್ತೀನಲ್ಲ, ಆ ಮಸಾಲಿ ತಗೋ, ಕೆಂಪು ಮುಚ್ಚಳದ ಡಬ್ಬಿ. ಶೇಂಗಾ ಪುಡಿ ಕಡೀಕ. ಹುಣಸಿ ಹುಳಿ ಇಲ್ಲಂದ್ರ ಇದು ಹೊಟ್ಟಿಗೆ ಭಾರ ಆಗ್ತದ."

"ಯು ಶುಡ್ ಜಸ್ಟ್ ಕಮ್ ಇನ್," ಎಂದಳು ಅನಿಕಾ, ನಗುತ್ತ.

ಅವಳು ಹೊಸ್ತಿಲು ದಾಟಲಿಲ್ಲ. ಡಬ್ಬಿಯನ್ನು ತಂದು ಹೊಸ್ತಿಲ ಮೇಲಿಟ್ಟಳು. ವಿವೇಕ ಎದ್ದು ಬಂದು ತೆಗೆದುಕೊಂಡ. ಹುಣಸೆಯ ರಸ ಬಿದ್ದು ಚುರ್ ಎಂದಿತು. ಶೇಂಗಾ ಪುಡಿ ಬಿತ್ತು. ಚಳಿಗಾಳಿಯೊಂದಿಗೆ ವಾಸನೆ ಒಳಗೆ ನುಗ್ಗಿದಾಗ ಅದು ಅವಳ ಅಡುಗೆಯ ವಾಸನೆಯಾಗಿತ್ತು, ಹಬ್ಬದ ಮಧ್ಯಾಹ್ನದ ವಾಸನೆಯಾಗಿತ್ತು, ಮತ್ತು ಅವಳ ನಾಲಿಗೆಯ ಕೆಳಗೆ ನೀರೂರಿತು. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲು ಹೋಗಿ ತಾನು ಸ್ವೆಟರ್ ಹಾಕಿಕೊಂಡಿರುವುದು ಗೊತ್ತಾಗಿ ಕೈ ಇಳಿಸಿದಳು. ನುಂಗಿದಳು. ಇಬ್ಬರಲ್ಲಿ ಯಾರಾದರೂ ನೋಡಿದರೇ? ಹನ್ನೊಂದು ದಿನ ಉಪವಾಸವಿದ್ದಂತೆ ಹಸಿವು. ನಡುವೆ ನಿಲ್ಲಿಸದ ಬಾಯಿಗೆ ಇದೂ ಬೇಕೆಂದು ತಿಳಿದಿದ್ದರೆ ಅಜ್ಜ ಬೆಲ್ಲ ಕೊಡುತ್ತಿದ್ದನೇ?

"ಅನಿ," ಅಂದಳು. "ಅದು ಹಾರಿ ಬಂದಿದ್ದಿಲ್ಲ. ನಾ ಅದನ್ನ ನೋಡಿದ್ದೆ."

ಅನಿಕಾ ಸೌಟು ಹಿಡಿದುಕೊಂಡೇ ತಿರುಗಿದಳು. ವಿವೇಕ ಥರ್ಮಾಮೀಟರಿನಿಂದ ಕಣ್ಣೆತ್ತಿದ.

"ನಿಂತಿತ್ತು. ನಾ ವಚನ ಹೇಳಾಕತ್ತಿದ್ದೆ. ಅದು ಮುಗೀಲಿ ಅಂತ..."

ಅನಿಕಾ ಸೌಟನ್ನು ಕೆಳಗಿಟ್ಟು ಬಂದಳು. ಹೊಸ್ತಿಲ ಆಚೆ ನಿಂತು, ಮಸಾಲೆಯ ಕೈಯನ್ನು ಹಿಂದಕ್ಕೆ ಹಿಡಿದು, ಇನ್ನೊಂದು ಕೈಯಿಂದ ತಾಯಿಯ ತೋಳನ್ನು ಸವರಿದಳು. ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದಳು: ಎಲ್ಲರಿಗೂ ಹಾಗೇ ಅನ್ನಿಸುತ್ತದೆ ಅಮ್ಮಾ, ಅದು ಒಂದು ಸೆಕೆಂಡ್ ಕೂಡ ಇರುವುದಿಲ್ಲ, ಮಿದುಳು ಆಮೇಲೆ ಅದನ್ನು ಎಳೆದು ಉದ್ದ ಮಾಡುತ್ತದೆ, ನಮ್ಮ ಡ್ರೈವಿಂಗ್ ಕ್ಲಾಸಿನಲ್ಲಿ ಹೇಳಿದ್ದಾರೆ, ನಿನ್ನ ತಪ್ಪಲ್ಲ. ವಿವೇಕ, "ಅದನ್ನ ತಲ್ಯಾಗ ಇಟ್ಕೊಂಡು ಕುಂತೀಯೇನು ಇಷ್ಟು ದಿನಾ? ಹುಚ್ಚೀ," ಎಂದ, ಪ್ರೀತಿಯಿಂದಲೇ. ಇಷ್ಟು ದಿನ ಎದೆಯಲ್ಲಿ ಹೊತ್ತದ್ದನ್ನು ಹೊರಗಿಟ್ಟರೆ ಇಬ್ಬರೂ ಅದನ್ನು ಒಂದು ಕ್ಷಣ ಕೈಯಲ್ಲಿ ಹಿಡಿದು, ಹಗುರವಾಗಿದೆಯಲ್ಲ ಎಂದು ಅವಳಿಗೇ ಮರಳಿ ಕೊಟ್ಟಿದ್ದರು. ಅದು ಹಗುರವಲ್ಲವೆಂದು ಹೇಗೆ ಹೇಳುವುದು? ಮೂರು ಪದಗಳ ಉದ್ದ ಎಷ್ಟೆಂದು ಅವಳಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಅದನ್ನೇ ಅಳೆದವಳು ಅವಳು.

ನೂರಾ ಅರವತ್ತಾಯಿತು. ವಿವೇಕ ಒಲೆ ಆರಿಸಿದ. ಅನಿಕಾ ಪೇಪರ್ ತಟ್ಟೆಯಲ್ಲಿ ಎರಡು ಚಮಚ ಹಾಕಿಕೊಂಡು, ಪಕ್ಕದಲ್ಲಿ ಒಂದು ಜೋಳದ ರೊಟ್ಟಿ ಇಟ್ಟುಕೊಂಡು, ಮಗುಚಿದ ಬಕೆಟ್ಟಿನ ಮೇಲೆ ಕೂತಳು. ರೊಟ್ಟಿ ಮುರಿದಳು. ಬಾಯಿಯವರೆಗೆ ಒಯ್ದು ನಿಲ್ಲಿಸಿದಳು. ತುತ್ತನ್ನು ಮತ್ತೆ ತಟ್ಟೆಗಿಟ್ಟು, ಬಾಗಿದ ಕಾರನ್ನೊಮ್ಮೆ ನೋಡಿ, ಆಮೇಲೆ ಬಾಗಿಲ ಕಡೆ ನೋಡಿದಳು. ಅವಳ ಮುಖ ಬಿಳಿಚಿತ್ತು, ತುಟಿಗೂ ಬಣ್ಣವಿರಲಿಲ್ಲ. ಒಂದು ತುತ್ತಾದರೂ ಒಳಗೆ ಹೋಗಲಿ ಎಂದು ತಾಯಿಯ ಮೈಯೆಲ್ಲ ಕೇಳಿಕೊಳ್ಳುತ್ತಿತ್ತು.

"ಅಮ್ಮಾ, ಒಂದು ವಚನ ಹೇಳು," ಎಂದಳು ಅನಿಕಾ, ಕನ್ನಡದಲ್ಲಿ. "ಯಾವಾಗ್ಲೂ ಊಟಕ್ಕ ಮೊದಲ ಹೇಳ್ತಿದ್ದಿಯಲ್ಲ. ಇದನ್ನ ಬರ್ಗರ್‌ಗತೆ ಹಂಗ ತಿನ್ನಾಕ ನನಗ ಆಗೂದಿಲ್ಲ."

ಹದಿನಾರು ವರ್ಷದಲ್ಲಿ ಮಗಳು ತಾನಾಗಿ ವಚನ ಹೇಳೆಂದದ್ದು ಇದೇ ಮೊದಲು. ಊಟದ ಹೊತ್ತಿಗೆ ತಾಯಿ ಹೇಳುವಾಗ ಫೋನನ್ನು ಮೇಜಿನ ಕೆಳಗೆ ಹಿಡಿದು ಕಾಯುತ್ತಿದ್ದವಳು ಈಗ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಹೇಳಿಬಿಡು ನೀಲಾ," ಎಂದ ವಿವೇಕ. "ನಿನಗೂ ಸಮಾಧಾನ ಆಗ್ತದ. ಹುಡುಗಿ ಉಣ್ಣಲಿ."

ನೀಲಾಂಬಿಕಾಳ ಗಂಟಲು ತೆರೆದುಕೊಂಡಿತು. ಹನ್ನೊಂದು ಬೆಳಗು ಬಾರದೇ ಹೋದದ್ದು ಕರೆಯದೆಯೇ ಬಂತು, ಮೊದಲ ಸಾಲು, ಎರಡನೆಯದು, ಅದರ ಬೆನ್ನಿಗೆ ಉಳಿದವು, ಅಂಕಿತದ ತನಕ ಒಂದು ಪದವೂ ತಡವರಿಸದೆ ನಾಲಿಗೆಯ ಮೇಲೆ ಬಂದು ನಿಂತಿತು. ಹೇಳಿದರೆ ನಾಳೆ ಸಂಘದಲ್ಲೂ ಹೇಳಬಹುದು, ನಾಡಿದ್ದು ಪೂಜೆಯಲ್ಲೂ. ಹೇಳಿದರೆ ತಟ್ಟೆಯಲ್ಲಿರುವುದು ಪ್ರಸಾದವಾಗುತ್ತದೆ. ಮಗಳು ಉಣ್ಣುತ್ತಾಳೆ, ವಾಲ್ಟ್‌ಗೆ ಖಾಲಿ ಪೆಟ್ಟಿಗೆ ಮರಳುತ್ತದೆ, ಗೆರೆಯ ಮೇಲೆ ನಿಂತದ್ದು ಎಂದೂ ನಿಂತಿರಲೇ ಇಲ್ಲ ಎಂದಾಗುತ್ತದೆ. ಅಂದಿನಂತೆ ಇನ್ನೊಮ್ಮೆ ಆ ಜಿಂಕೆಯ ಮೇಲೆಯೇ ವಚನ ಹೇಳಿ ಮುಗಿಸಿದಂತಾಗುತ್ತದೆ. ಅನಿಕಾ ಕಾಯುತ್ತಿದ್ದಳು. ತುತ್ತಿನಿಂದ ಹಬೆ ಏಳುತ್ತಿತ್ತು.

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಇಲ್ಲ," ಅಂದಳು. "ನಾ ಹೇಳಂಗಿಲ್ಲ."